ಡೇಟಾಬೇಸ್ ಹೊಸ ಆವೃತ್ತಿಗೆ ಹೋಗುವಾಗ ಎಲ್ಲಿ ಎಡವುತ್ತೇವೆ?

ದಾವಣಗೆರೆಯಲ್ಲಿ ಈಗ ಕಂಪ್ಯೂಟರ್ ಇಲ್ಲದ ವ್ಯವಹಾರ ಹುಡುಕಿದರೂ ಸಿಗೋದು ಕಷ್ಟ. ಮಂಡಿಪೇಟೆಯ ಸಗಟು ಅಂಗಡಿ, ಎಪಿಎಂಸಿಯ ದಲಾಲಿ ಮಂಡಿ, ವಿದ್ಯಾನಗರದ ಕೋಚಿಂಗ್ ಸೆಂಟರ್, ಪಿ.ಜೆ. ಬಡಾವಣೆಯ ಕ್ಲಿನಿಕ್, ಹಳ್ಳಿಯ ಸಹಕಾರ ಸಂಘ, ಎಲ್ಲರ ಲೆಕ್ಕವೂ ಯಾವುದೋ ಒಂದು ಡೇಟಾಬೇಸ್‌ನಲ್ಲಿ ಕೂತಿದೆ. ಎಷ್ಟೋ ಕಡೆ ಅದನ್ನು ಮಾಡಿಕೊಟ್ಟವರು ಇಲ್ಲಿನ ಇಂಜಿನಿಯರಿಂಗ್ ಕಾಲೇಜಿನ ಹುಡುಗರು. ಅವರು ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋಗಿದ್ದಾರೆ. ಸಾಫ್ಟ್‌ವೇರ್ ಮಾತ್ರ ಇಲ್ಲೇ ಓಡುತ್ತಿದೆ.

ಇಂಥ ಕಡೆಗೆ ಒಂದು ದಿನ ಸರ್ವರ್ ಬಾಡಿಗೆಗೆ ಕೊಟ್ಟ ಕಂಪನಿಯಿಂದ ಒಂದು ಇಮೇಲ್ ಬರುತ್ತದೆ: 'ನಿಮ್ಮ ಡೇಟಾಬೇಸ್ ಆವೃತ್ತಿ ಹಳೆಯದಾಗಿದೆ, ಹೊಸದಕ್ಕೆ ಬದಲಾಯಿಸಿ.' ಸಣ್ಣ ಸಂಸ್ಥೆಗಳಲ್ಲಿ ತುಂಬ ಬಳಕೆಯಲ್ಲಿರುವ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್‌ನ 5.7 ಆವೃತ್ತಿಗೆ ಬೆಂಬಲ 2023ರ ಅಕ್ಟೋಬರ್‌ನಲ್ಲೇ ನಿಂತಿತು. ಅದರ ಮುಂದಿನ 8.0 ಆವೃತ್ತಿಗೆ ಇಟ್ಟ ಗಡುವು 2026ರ ಏಪ್ರಿಲ್. ಹಾಗಾಗಿ ಈ ಪ್ರಶ್ನೆ ಈಗ ಸುಮ್ನೆ ಬಿಡುವಂಥದ್ದಲ್ಲ. ಮೊಬೈಲ್ ಆ್ಯಪ್ ಅಪ್‌ಡೇಟ್ ಮಾಡಿದಷ್ಟು ಸುಲಭವೂ ಅಲ್ಲ.

## ಬದಲಾಗೋದು ಏನು?

ಡೇಟಾಬೇಸ್ ಅಂದಾಗ ಎರಡು ಸಂಗತಿ ಸೇರಿಕೊಂಡಿರುತ್ತವೆ. ಒಂದು, ನಿಮ್ಮ ಮಾಹಿತಿ. ಇನ್ನೊಂದು, ಆ ಮಾಹಿತಿಯನ್ನು ಜೋಡಿಸಿಟ್ಟು ಕೇಳಿದಾಗ ಹುಡುಕಿ ಕೊಡುವ ಸಾಫ್ಟ್‌ವೇರ್. ಮಂಡಿಯ ಲೆಕ್ಕದ ಪುಸ್ತಕ ಮತ್ತು ಅದನ್ನು ಬರೆಯುವ ಗುಮಾಸ್ತ ಇದ್ದ ಹಾಗೆ. ನೀವು ಪುಸ್ತಕ ಮುಟ್ಟೋದಿಲ್ಲ. 'ಆನಗೋಡು ಕಡೆಯ ರೈತರ ಬಾಕಿ ಎಷ್ಟಿದೆ' ಅಂತ ಗುಮಾಸ್ತನನ್ನು ಕೇಳುತ್ತೀರಿ, ಅವನು ನೋಡಿ ಹೇಳುತ್ತಾನೆ. ಆವೃತ್ತಿ ಬದಲಾಗೋದು ಅಂದರೆ ಪುಸ್ತಕ ಅದೇ ಇದ್ದು ಗುಮಾಸ್ತ ಬದಲಾಗೋದು. ಹೊಸಬ ಚುರುಕಾಗಿರುತ್ತಾನೆ, ಕಟ್ಟುನಿಟ್ಟಾಗಿರುತ್ತಾನೆ. ಆದರೆ ಹಳಬ ನಿಮಗೆ ಕೊಟ್ಟಿದ್ದ ಸಲುಗೆ ಇವನು ಕೊಡೋದಿಲ್ಲ. ಮುಂದೆ ಹೇಳುವ ತೊಂದರೆಗಳಲ್ಲಿ ಹೆಚ್ಚಿನವು ಹುಟ್ಟೋದು ಇಲ್ಲೇ.

ಎಲ್ಲ ಬದಲಾವಣೆಯೂ ಒಂದೇ ತೂಕದ್ದಲ್ಲ. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಜನಪ್ರಿಯ ಡೇಟಾಬೇಸ್‌ನಲ್ಲಿ 16.3ರಿಂದ 16.4ಕ್ಕೆ ಹೋಗೋದು ಸಣ್ಣ ರಿಪೇರಿ. 16ರಿಂದ 17ಕ್ಕೆ ಹೋಗೋದು ದೊಡ್ಡ ಬದಲಾವಣೆ. ದೊಡ್ಡ ಬದಲಾವಣೆಯಲ್ಲಿ ಮಾಹಿತಿ ಇಡುವ ಫೈಲುಗಳ ಒಳ ರಚನೆಯೇ ಬೇರೆಯಾಗಬಹುದು. ಹಳೆಯ ಫೈಲನ್ನು ಹೊಸದು ನೇರವಾಗಿ ಓದೋದಿಲ್ಲ, ಪರಿವರ್ತನೆ ಮಾಡಲೇಬೇಕು. ಮೈಎಸ್‌ಕ್ಯೂಎಲ್‌ನಲ್ಲಿ ಮೆಟ್ಟಿಲು ಹಾರುವ ಹಾಗೂ ಇಲ್ಲ: 5.7ರಲ್ಲಿ ಇರುವವರು ಮೊದಲು 8.0ಗೆ ಹೋಗಿ, ಅಲ್ಲಿಂದ 8.4ಕ್ಕೆ ಹೋಗಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ಆ ಕಟ್ಟಳೆ ಇಲ್ಲ, ನಡುವಿನ ಆವೃತ್ತಿಗಳನ್ನು ದಾಟಿ ಹೋಗಬಹುದು.

ಹಳೆಯದರಲ್ಲೇ ಇದ್ದುಬಿಟ್ಟರೆ ಏನು ಅಂತ ಕೇಳಬಹುದು. ಬೆಂಬಲ ನಿಂತ ಮೇಲೆ ಭದ್ರತಾ ಲೋಪ ಸಿಕ್ಕರೆ ಅದನ್ನು ಮುಚ್ಚುವ ರಿಪೇರಿ ಬರೋದಿಲ್ಲ. ರೈತರ ಬ್ಯಾಂಕ್ ಖಾತೆ ಸಂಖ್ಯೆ, ರೋಗಿಗಳ ವಿವರ, ಮಕ್ಕಳ ಫೋನ್ ನಂಬರ್ ಇಟ್ಟುಕೊಂಡವರಿಗೆ ಈ ಒಂದು ಕಾರಣ ಸಾಕು.

## ಹಳೆಯದು ಬಿಟ್ಟುಕೊಟ್ಟಿದ್ದನ್ನು ಹೊಸದು ಬಿಡೋದಿಲ್ಲ

ಹುಟ್ಟಿದ ದಿನಾಂಕ ಗೊತ್ತಿಲ್ಲದ ಸದಸ್ಯರಿಗೆ ಹಳೆಯ ಪ್ರೋಗ್ರಾಂಗಳು ದಿನ, ತಿಂಗಳು, ವರ್ಷ ಎಲ್ಲಕ್ಕೂ ಸೊನ್ನೆ ತುಂಬಿಬಿಡುತ್ತಿದ್ದವು. ಹಳೆಯ ಮೈಎಸ್‌ಕ್ಯೂಎಲ್ ಅದನ್ನು ಒಪ್ಪುತ್ತಿತ್ತು. ಹಾಗೇ ಇಪ್ಪತ್ತು ಅಕ್ಷರದ ಜಾಗಕ್ಕೆ ಇಪ್ಪತ್ತೈದು ಅಕ್ಷರದ ಹೆಸರು ಬಂದರೆ ಕೊನೆಯ ಐದನ್ನು ಕತ್ತರಿಸಿ, ಒಂದು ಎಚ್ಚರಿಕೆ ಗುರುತು ಹಾಕಿ, ಮುಂದೆ ಹೋಗುತ್ತಿತ್ತು. ಆ ಎಚ್ಚರಿಕೆಯನ್ನು ಯಾರೂ ನೋಡುತ್ತಿರಲಿಲ್ಲ. 2015ರಲ್ಲಿ ಬಂದ 5.7ರಿಂದ ಕಟ್ಟುನಿಟ್ಟಿನ ನಿಯಮವೇ ಮೂಲ ಸೆಟ್ಟಿಂಗ್ ಆಯಿತು. ಈಗ ಇವೆರಡೂ ದೋಷ. ದಾಖಲೆ ಸೇರೋದೇ ಇಲ್ಲ.

ಹಾಗಿದ್ದರೂ 5.7ರಲ್ಲಿ ಏನೂ ತೊಂದರೆ ಆಗಿರಲಿಲ್ಲವಲ್ಲ ಎನ್ನುವವರಿದ್ದಾರೆ. ಆಗ ಯಾರೋ ಒಬ್ಬರು ಸೆಟ್ಟಿಂಗ್ ಫೈಲಿನಲ್ಲಿ ಆ ನಿಯಮವನ್ನು ಆಫ್ ಮಾಡಿಟ್ಟು ಹೋಗಿರುತ್ತಾರೆ. ಹೊಸ ಸರ್ವರ್‌ಗೆ ಮಾಹಿತಿ ಹೋಗುತ್ತದೆ, ಆ ಸೆಟ್ಟಿಂಗ್ ಹೋಗೋದಿಲ್ಲ.

ಸೊನ್ನೆ ದಿನಾಂಕದ ವಿಷಯದಲ್ಲಿ ಇನ್ನೂ ಒಂದು ಸೂಕ್ಷ್ಮ ಇದೆ. ಹಳೆಯ ಮಾಹಿತಿಯನ್ನು ಹೊಸದಕ್ಕೆ ತುಂಬುವಾಗ ಬ್ಯಾಕಪ್ ಫೈಲ್ ತಾನೇ ಆ ಹೊತ್ತಿಗೆ ನಿಯಮವನ್ನು ಸಡಿಲಿಸಿಕೊಳ್ಳುತ್ತದೆ. ಎಲ್ಲವೂ ಸಲೀಸಾಗಿ ಸೇರುತ್ತದೆ. ತಿಂಗಳುಗಳ ನಂತರ ಯಾರೋ ಆ ಕೋಷ್ಟಕಕ್ಕೆ ಹೊಸ ಕಾಲಂ ಸೇರಿಸಲು ಹೋದಾಗ ತಡೆಯಬಹುದು. ಆವೃತ್ತಿ ಬದಲಾಯಿಸಿದ್ದಕ್ಕೂ ಇದಕ್ಕೂ ನಂಟಿದೆ ಅಂತ ಆಗ ಯಾರಿಗೂ ಹೊಳೆಯೋದಿಲ್ಲ.

ಇನ್ನೊಂದು ಸಲುಗೆ ವರದಿಗಳ ಸಾಲಿನದು. ಮಂಡಿಯ ದಿನದ ವರದಿಯಲ್ಲಿ ಮೆಕ್ಕೆಜೋಳ, ಭತ್ತ, ರಾಗಿ, ಹತ್ತಿ, ಶೇಂಗಾ ಎಂದು ಒಂದೊಂದು ಮಾಲಿನ ಮೊತ್ತ ಬರುತ್ತದೆ ಅಂದುಕೊಳ್ಳಿ. ಹೀಗೆ ಗುಂಪು ಮಾಡಿ ಕೂಡುವಾಗ ಮೈಎಸ್‌ಕ್ಯೂಎಲ್ 5.7 ಕೇಳದೇ ಇದ್ದರೂ ಹೆಸರಿನ ಕ್ರಮದಲ್ಲಿ ಜೋಡಿಸಿ ಕೊಡುತ್ತಿತ್ತು. 8.0 ಹಾಗೆ ಮಾಡೋದಿಲ್ಲ. 'ಕ್ರಮದಲ್ಲಿ ಕೊಡು' ಅಂತ ಬರೆದು ಕೇಳಿದರೆ ಮಾತ್ರ ಕೊಡುತ್ತದೆ. ಮೊತ್ತಗಳು ಸರಿಯಾಗೇ ಇರುತ್ತವೆ, ಸಾಲು ಮಾತ್ರ ಅದಲು ಬದಲು. ನೋಡೋಕೆ ಇದು ಸಣ್ಣದು. ಆದರೆ ಆ ವರದಿಯ ಮೂರನೇ ಸಾಲನ್ನು ಎತ್ತಿ ಬೇರೆ ಎಕ್ಸೆಲ್ ಹಾಳೆಗೆ ಹಾಕುವ ಪದ್ಧತಿ ಎಲ್ಲಾದರೂ ಇದ್ದರೆ, ರಾಗಿಯ ಜಾಗದಲ್ಲಿ ಹತ್ತಿ ಹೋಗಿ ಕೂರುತ್ತದೆ. ದೋಷದ ಸಂದೇಶ ಒಂದೂ ಬರೋದಿಲ್ಲ. ನನ್ನ ಪ್ರಕಾರ ಸರ್ವರ್ ನಿಂತುಹೋಗೋದಕ್ಕಿಂತ ಇದು ಜಾಸ್ತಿ ಅಪಾಯ. ನಿಂತರೆ ಯಾರಾದರೂ ಗಮನಿಸುತ್ತಾರೆ, ಅಲ್ವಾ?

ಕೆಲವು ಹೆಸರುಗಳೂ ಹೊಸ ಆವೃತ್ತಿಯಲ್ಲಿ ಮೀಸಲಾಗಿಬಿಡುತ್ತವೆ. 8.0ರಲ್ಲಿ 'ರ‍್ಯಾಂಕ್', 'ಗ್ರೂಪ್ಸ್', 'ಸಿಸ್ಟಮ್' ಎಂಬ ಇಂಗ್ಲಿಷ್ ಪದಗಳು ಡೇಟಾಬೇಸ್‌ನ ಸ್ವಂತ ಪದಗಳಾದವು. ಕೋಚಿಂಗ್ ಸೆಂಟರಿನ ಫಲಿತಾಂಶದ ಕೋಷ್ಟಕದಲ್ಲಿ 'ರ‍್ಯಾಂಕ್' ಅನ್ನೋ ಕಾಲಂ ಇಲ್ಲದೆ ಇರುತ್ತದೆಯೇ? ಆ ಕಾಲಂ ಕೇಳುವ ಪ್ರತಿ ಪ್ರಶ್ನೆಯಲ್ಲೂ ಹೆಸರನ್ನು ವಿಶೇಷ ಉದ್ಧರಣ ಚಿಹ್ನೆಯೊಳಗೆ ಬರೆಯಬೇಕು, ಇಲ್ಲವೇ ಹೆಸರು ಬದಲಾಯಿಸಬೇಕು.

## ಕನ್ನಡ ಅಕ್ಷರ ಒಡೆಯೋದು ಯಾಕೆ?

ನಮ್ಮ ಕಡೆ ಜನರಿಗೆ ಮೊದಲು ಕಾಣುವ ಹಾನಿ ಇದೇ. ನಿನ್ನೆವರೆಗೆ 'ಲಕ್ಷ್ಮಿ' ಎಂದಿದ್ದ ಹೆಸರು ಇವತ್ತು ಪರದೇಶಿ ಚಿಹ್ನೆಗಳ ಗುಂಪಾಗಿರುತ್ತದೆ, ಇಲ್ಲವೇ ಬರೀ ಪ್ರಶ್ನಾರ್ಥಕ ಚಿಹ್ನೆ.

ಕಂಪ್ಯೂಟರ್ ಅಕ್ಷರಗಳನ್ನು ಸಂಖ್ಯೆಗಳಾಗಿ ಇಡುತ್ತದೆ. ಆ ಸಂಖ್ಯೆಗಳನ್ನು ಇಡುವ ಒಂದೊಂದು ತುಣುಕಿಗೆ ಬೈಟ್ ಎನ್ನುತ್ತಾರೆ. ಯಾವ ಸಂಖ್ಯೆ ಯಾವ ಅಕ್ಷರ ಎಂದು ಹೇಳುವ ಪಟ್ಟಿಯೇ ಅಕ್ಷರಸಂಕೇತ. ಮೈಎಸ್‌ಕ್ಯೂಎಲ್ 5.7ರವರೆಗೆ ಯಾರೂ ಏನೂ ಹೇಳದಿದ್ದರೆ ಲ್ಯಾಟಿನ್-1 ಎಂಬ ಯುರೋಪಿನ ಭಾಷೆಗಳ ಪಟ್ಟಿಯನ್ನು ಹಿಡಿಯುತ್ತಿತ್ತು. ಅದರಲ್ಲಿ ಕನ್ನಡ ಇಲ್ಲ. 8.0ರಿಂದ ಯುಟಿಎಫ್8ಎಂಬಿ4 ಎಂಬ, ಜಗತ್ತಿನ ಎಲ್ಲ ಲಿಪಿಗಳನ್ನೂ ಇಮೋಜಿಗಳನ್ನೂ ಒಳಗೊಂಡ ಪಟ್ಟಿ ಮೂಲ ಸೆಟ್ಟಿಂಗ್ ಆಯಿತು. ಅದರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು.

ಹಾಗಾದರೆ ಹಳೆಯದರಲ್ಲಿ ಕನ್ನಡ ಹೇಗೆ ಸರಿ ಕಾಣುತ್ತಿತ್ತು? ಡೇಟಾಬೇಸ್‌ಗೆ ಅದು ಕನ್ನಡ ಅಂತ ಗೊತ್ತೇ ಇರಲಿಲ್ಲ. ಪ್ರೋಗ್ರಾಂ ಕನ್ನಡದ ಬೈಟ್‌ಗಳನ್ನು ಕೊಟ್ಟಿತು, ಡೇಟಾಬೇಸ್ ಅವನ್ನು ಯುರೋಪಿನ ಅಕ್ಷರ ಎಂದು ನಂಬಿ ಹಾಗೇ ಇಟ್ಟಿತು, ಕೇಳಿದಾಗ ಹಾಗೇ ಹಿಂದಿರುಗಿಸಿತು. ಬ್ರೌಸರ್ ಅದನ್ನು ಕನ್ನಡವಾಗಿ ತೋರಿಸಿತು. ಹೊಸ ಆವೃತ್ತಿಯಲ್ಲಿ ಪ್ರೋಗ್ರಾಂ ಮತ್ತು ಡೇಟಾಬೇಸ್ ನಡುವಿನ ಮಾತುಕತೆ ಯುಟಿಎಫ್8ಎಂಬಿ4ನಲ್ಲಿ ನಡೆಯಲು ಶುರುವಾಗುತ್ತದೆ. ಆಗ ಡೇಟಾಬೇಸ್ ತಾನು ನಂಬಿದ್ದ 'ಯುರೋಪಿನ ಅಕ್ಷರ'ಗಳನ್ನು ಪ್ರಾಮಾಣಿಕವಾಗಿ ಪರಿವರ್ತಿಸಿ ಕೊಡುತ್ತದೆ. ಕನ್ನಡದ ಒಂದು ಸಂಕೇತ ಮೂರು ವಿಚಿತ್ರ ಚಿಹ್ನೆಗಳಾಗಿ ಹೊರಬರುತ್ತದೆ.

ಈ ಹಂತದಲ್ಲಿ ಮಾಹಿತಿ ಹಾಳಾಗಿಲ್ಲ. ಬೈಟ್‌ಗಳು ಇನ್ನೂ ಸರಿಯಾಗೇ ಇವೆ, ಅವಕ್ಕೆ ಅಂಟಿಸಿದ ಚೀಟಿ ಮಾತ್ರ ತಪ್ಪು. ಆ ಕಾಲಂ ಅನ್ನು ಮೊದಲು ಬೈನರಿ, ಅಂದರೆ ಯಾವ ಭಾಷೆಯ ಹೆಸರೂ ಇಲ್ಲದ ಬರೀ ಬೈಟ್ ಎಂದು ಬದಲಾಯಿಸಿ, ಆಮೇಲೆ ಯುಟಿಎಫ್8ಎಂಬಿ4 ಎಂದು ಬದಲಾಯಿಸಿದರೆ ಕನ್ನಡ ವಾಪಸ್ ಬರುತ್ತದೆ. ಆದರೆ ಗಾಬರಿಯಲ್ಲಿ ಯಾರಾದರೂ ನೇರವಾಗಿ ಇಡೀ ಕೋಷ್ಟಕವನ್ನು ಪರಿವರ್ತಿಸುವ ಆದೇಶ ಕೊಟ್ಟರೆ ವಿಚಿತ್ರ ಚಿಹ್ನೆಗಳೇ ಅಧಿಕೃತವಾಗಿ ಬರೆದುಹೋಗುತ್ತವೆ. ಬಿಡಿಸೋದು ಇನ್ನೂ ಜಟಿಲ. ಪ್ರಶ್ನಾರ್ಥಕ ಚಿಹ್ನೆಯ ಕಥೆ ಬೇರೆ. ಕನ್ನಡ ಇಲ್ಲದ ಪಟ್ಟಿಗೆ ಪರಿವರ್ತಿಸುವಾಗ ಜಾಗ ಸಿಗದ ಅಕ್ಷರಗಳ ಬದಲು ಆ ಚಿಹ್ನೆ ಬರೆದಿರುತ್ತದೆ. ಅಲ್ಲಿ ಮೂಲ ಬೈಟ್ ಇರೋದೇ ಇಲ್ಲ. ಹಳೆಯ ಬ್ಯಾಕಪ್ ಒಂದೇ ದಾರಿ.

ನಿಮ್ಮ ಡೇಟಾಬೇಸ್ ಯಾವ ಸ್ಥಿತಿಯಲ್ಲಿದೆ ಎಂದು ಮೊದಲೇ ತಿಳಿಯಬಹುದು. ಒಂದು ಕನ್ನಡ ಹೆಸರಿನ ಅಕ್ಷರಗಳ ಎಣಿಕೆ ಮತ್ತು ಬೈಟ್‌ಗಳ ಎಣಿಕೆ, ಎರಡನ್ನೂ ಕೇಳಿ. 'ದಾವಣಗೆರೆ'ಯಲ್ಲಿ ಯೂನಿಕೋಡ್ ಲೆಕ್ಕದಲ್ಲಿ 8 ಸಂಕೇತಗಳಿವೆ, 24 ಬೈಟ್. 8 ಮತ್ತು 24 ಬಂದರೆ ಸರಿಯಾಗಿದೆ. ಎರಡೂ 24 ಬಂದರೆ ತಪ್ಪು ಚೀಟಿ ಅಂಟಿದೆ ಎಂದರ್ಥ.

ಇದೇ ಲೆಕ್ಕ ಜಾಗದ ಪ್ರಶ್ನೆಗೂ ಬರುತ್ತದೆ. ಕಣ್ಣಿಗೆ 'ಲಕ್ಷ್ಮಿ' ಎರಡೇ ಅಕ್ಷರ. ಯೂನಿಕೋಡ್‌ನಲ್ಲಿ ಲ, ಕ, ವಿರಾಮ (ಅಕ್ಷರದ ಸ್ವರ ತೆಗೆಯುವ ಚಿಹ್ನೆ), ಷ, ವಿರಾಮ, ಮ, ಇಕಾರದ ಗುಡಿಸು ಎಂದು 7 ಸಂಕೇತ, 21 ಬೈಟ್. 20ರ ಮಿತಿ ಇರುವ ಲ್ಯಾಟಿನ್-1 ಕಾಲಂನಲ್ಲಿ ಬರೀ ಲಕ್ಷ್ಮಿಯೇ ಹಿಡಿಸೋದಿಲ್ಲ! ಹಳೆಯ ಆವೃತ್ತಿ ಕೊನೆಯ ಬೈಟ್ ಕತ್ತರಿಸಿ ಇಟ್ಟಿರುತ್ತದೆ. ಅರ್ಧ ಅಕ್ಷರದ ಆ ಹೆಸರುಗಳು ಪರಿವರ್ತನೆಯ ಹೊತ್ತಿನಲ್ಲಿ ದೋಷವಾಗಿ ಎದ್ದು ಬರುತ್ತವೆ.

ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ತುಂಬಿದ ಮಾಹಿತಿ ಇದ್ದರೆ ಅದು ಇನ್ನೊಂದೇ ವಿಷಯ. ಅಲ್ಲಿ ಸಂಗ್ರಹವಾಗಿರೋದು ನಿಜಕ್ಕೂ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳೇ, ಫಾಂಟ್ ಅವನ್ನು ಕನ್ನಡದ ಆಕಾರದಲ್ಲಿ ತೋರಿಸುತ್ತದೆ. ಯಾವ ಆವೃತ್ತಿಗೆ ಹೋದರೂ ಅದು ತಾನಾಗಿ ಯೂನಿಕೋಡ್ ಆಗೋದಿಲ್ಲ. ಬೇರೆ ಪರಿವರ್ತಕ ಬೇಕು. ಆ ಕೆಲಸವನ್ನು ಆವೃತ್ತಿ ಬದಲಾವಣೆಯ ಜೊತೆ ಬೆರೆಸದೇ ಇರೋದು ಒಳ್ಳೆಯದು, ಬೆರೆಸಿದರೆ ತಪ್ಪು ಎಲ್ಲಾಯಿತು ಅಂತ ಗೊತ್ತಾಗೋದಿಲ್ಲ.

## ಎರಡು ಹೆಸರು ಒಂದೇನಾ, ಬೇರೆನಾ?

ಅಕ್ಷರಸಂಕೇತದ ಜೊತೆಗೇ ಹೋಲಿಕೆಯ ನಿಯಮವೂ ಇರುತ್ತದೆ. ಯಾವ ಹೆಸರು ಮೊದಲು, ಯಾವುದು ಆಮೇಲೆ, ಯಾವ ಎರಡು ಒಂದೇ ಎಂದು ತೀರ್ಮಾನಿಸುವ ನಿಯಮ. ಇದಕ್ಕೆ ಕೊಲೇಶನ್ ಎನ್ನುತ್ತಾರೆ.

ಹಳೆಯ ಕೊಲೇಶನ್‌ಗಳಲ್ಲಿ ಹೆಸರಿನ ಕೊನೆಗೆ ಒಂದು ಖಾಲಿ ಜಾಗ ಬಿದ್ದಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. 8.0ರ ಹೊಸ ಮೂಲ ಕೊಲೇಶನ್ ಹಿಡಿಯುತ್ತದೆ. 'ಜಗಳೂರು' ಮತ್ತು ಕೊನೆಗೆ ಸ್ಪೇಸ್ ಬಿದ್ದ 'ಜಗಳೂರು' ಈಗ ಎರಡು ಊರು. ತಾಲ್ಲೂಕುವಾರು ಮೊತ್ತ ಒಡೆದುಹೋಗುತ್ತದೆ. ಇದು ಹೊಸ ಕೊಲೇಶನ್‌ಗೆ ಬದಲಾಯಿಸಿದ ಕೋಷ್ಟಕಗಳಿಗೆ ಮಾತ್ರ ಅನ್ವಯ. ಹಳೆಯ ಕೋಷ್ಟಕಗಳು ತಮ್ಮ ಹಳೆಯ ನಿಯಮವನ್ನೇ ಇಟ್ಟುಕೊಳ್ಳುತ್ತವೆ. ಅಲ್ಲೂ ಒಂದು ತೊಡಕಿದೆ. ಮುಂದೆ ಮಾಡುವ ಹೊಸ ಕೋಷ್ಟಕ ಹೊಸ ನಿಯಮದ್ದು, ಹಳೆಯದು ಹಳೆಯ ನಿಯಮದ್ದು. ಇವೆರಡನ್ನೂ ಹೆಸರಿನ ಮೇಲೆ ಜೋಡಿಸಲು ಹೋದರೆ 'ಕೊಲೇಶನ್ ಹೊಂದುತ್ತಿಲ್ಲ' ಎಂದು ನಿಂತುಬಿಡಬಹುದು.

ಪೋಸ್ಟ್‌ಗ್ರೆಸ್‌ನವರಿಗೆ ಇದೇ ವಿಷಯ ಆಪರೇಟಿಂಗ್ ಸಿಸ್ಟಮ್ ಕಡೆಯಿಂದ ಬರುತ್ತದೆ. ಸಾಮಾನ್ಯವಾಗಿ ಅದು ಲಿನಕ್ಸ್‌ನ ಜಿಲಿಬ್‌ಸಿ ಎಂಬ ಭಾಗದಿಂದ ಅಕ್ಷರಕ್ರಮವನ್ನು ಪಡೆಯುತ್ತದೆ. 2018ರ ಆಗಸ್ಟ್‌ನಲ್ಲಿ ಬಂದ ಜಿಲಿಬ್‌ಸಿ 2.28ರಲ್ಲಿ ಆ ಕ್ರಮ ದೊಡ್ಡ ಮಟ್ಟದಲ್ಲಿ ಬದಲಾಯಿತು. 2024ರ ಜೂನ್‌ನಲ್ಲಿ ಬೆಂಬಲ ನಿಂತ ಸೆಂಟ್‌ಓಎಸ್ 7 ಎಂಬ ಲಿನಕ್ಸ್‌ನಲ್ಲಿ ಇದ್ದದ್ದು ಅದಕ್ಕಿಂತ ಹಳೆಯದು. ಅಂಥ ಸರ್ವರ್‌ನಿಂದ ಫೈಲುಗಳನ್ನು ಹಾಗೇ ಎತ್ತಿ ಹೊಸ ಲಿನಕ್ಸ್‌ಗೆ ಇಟ್ಟರೆ, ಹುಡುಕಾಟಕ್ಕೆ ಬಳಸುವ ಸೂಚಿಗಳು ಹಳೆಯ ಕ್ರಮದಲ್ಲಿ, ಹುಡುಕುವ ರೀತಿ ಹೊಸ ಕ್ರಮದಲ್ಲಿ ಆಗುತ್ತದೆ. ಇರುವ ಸದಸ್ಯರನ್ನೇ 'ಇಲ್ಲ' ಎನ್ನುತ್ತದೆ. ಅದೇ ಹೆಸರು ಎರಡನೇ ಸಲ ಸೇರಲು ಬಿಡುತ್ತದೆ. ಪರಿಹಾರ ಸರಳ, ಸೂಚಿಗಳನ್ನು ಹೊಸದಾಗಿ ಕಟ್ಟಿಸಬೇಕು. ಪೂರ್ತಿ ಬ್ಯಾಕಪ್ ತೆಗೆದು ಹೊಸದಕ್ಕೆ ತುಂಬಿದವರಿಗೆ ಇದು ತಾನಾಗೇ ಆಗಿರುತ್ತದೆ.

## ಬಾಗಿಲಲ್ಲೇ ನಿಲ್ಲುವ ಹಳೆಯ ಪ್ರೋಗ್ರಾಂ

ಡೇಟಾಬೇಸ್ ಸರಿಯಾಗಿ ಹೊಸದಾಯಿತು, ಆದರೆ ಬಿಲ್ಲಿಂಗ್ ಪ್ರೋಗ್ರಾಂ ಒಳಗೇ ಹೋಗುತ್ತಿಲ್ಲ. ಪಾಸ್‌ವರ್ಡ್ ಸರಿಯಾಗೇ ಇದೆ. ಇಲ್ಲಿ ಬದಲಾಗಿರೋದು ಪಾಸ್‌ವರ್ಡ್ ಪರಿಶೀಲಿಸುವ ಪದ್ಧತಿ. ಮೈಎಸ್‌ಕ್ಯೂಎಲ್ 8.0ರಲ್ಲಿ ಹೊಸ ಖಾತೆಗಳಿಗೆ ಹೆಚ್ಚು ಭದ್ರವಾದ ಪದ್ಧತಿ ಬಂತು. ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯ 7.4ಕ್ಕಿಂತ ಹಳೆಯ ಆವೃತ್ತಿಯಲ್ಲಿ ಓಡುವ ಪ್ರೋಗ್ರಾಂಗಳಿಗೆ ಆ ಪದ್ಧತಿ ಗೊತ್ತಿಲ್ಲ. 8.0ರಲ್ಲಿ ಹಳೆಯ ಪದ್ಧತಿಯನ್ನೇ ಆರಿಸಿಕೊಂಡು ದಿನ ದೂಡಬಹುದಿತ್ತು. 8.4ರಲ್ಲಿ ಅದು ಮೊದಲಿಂದಲೇ ಆಫ್, 9.0ರಲ್ಲಿ ತೆಗೆದೇ ಹಾಕಿದ್ದಾರೆ. ಅಂದರೆ ಡೇಟಾಬೇಸ್ ಜೊತೆಗೆ ಪ್ರೋಗ್ರಾಂ ಕೂಡ ಹೊಸದಾಗಬೇಕು. ಖರ್ಚಿನ ಅಂದಾಜು ಹಾಕುವಾಗ ಇದನ್ನು ಮರೆಯುವವರು ಜಾಸ್ತಿ.

ಅಂಗಡಿಯ ವಿಂಡೋಸ್ ಕಂಪ್ಯೂಟರ್‌ನಿಂದ ಲಿನಕ್ಸ್ ಸರ್ವರ್‌ಗೂ ಇದೇ ಸಂದರ್ಭದಲ್ಲಿ ಹೋಗುವವರು ಕೋಷ್ಟಕದ ಹೆಸರುಗಳನ್ನು ನೋಡಿಕೊಳ್ಳಬೇಕು. ವಿಂಡೋಸ್‌ನಲ್ಲಿ ಇಂಗ್ಲಿಷ್‌ನ ದೊಡ್ಡಕ್ಷರ, ಚಿಕ್ಕಕ್ಷರ ಒಂದೇ. ಲಿನಕ್ಸ್‌ನಲ್ಲಿ ಬೇರೆ ಬೇರೆ. 8.0ರಲ್ಲಿ ಈ ಸೆಟ್ಟಿಂಗ್ ಅನ್ನು ಡೇಟಾಬೇಸ್ ಮೊದಲು ಹುಟ್ಟುಹಾಕುವಾಗ ಮಾತ್ರ ಆರಿಸಬಹುದು, ಆಮೇಲೆ ಬದಲಾಯಿಸಲು ಬರೋದಿಲ್ಲ.

## ಹೊಸದು ನಿಧಾನ ಆಯಿತಲ್ಲ?

ಯಾವ ದಾರಿಯಲ್ಲಿ ಹುಡುಕಿದರೆ ಬೇಗ ಸಿಗುತ್ತದೆ ಎಂದು ಡೇಟಾಬೇಸ್ ಒಂದು ಅಂದಾಜು ಇಟ್ಟುಕೊಂಡಿರುತ್ತದೆ. ಯಾವ ಕೋಷ್ಟಕದಲ್ಲಿ ಎಷ್ಟು ಸಾಲು, ಯಾವ ಮೌಲ್ಯ ಎಷ್ಟು ಸಲ ಬರುತ್ತದೆ ಎಂಬ ಅಂಕಿಅಂಶ ಅದು. ಪೋಸ್ಟ್‌ಗ್ರೆಸ್ 17ರವರೆಗೆ ಆವೃತ್ತಿ ಬದಲಾಯಿಸುವಾಗ ಈ ಅಂಕಿಅಂಶ ಹೊಸದಕ್ಕೆ ಬರುತ್ತಿರಲಿಲ್ಲ. 2025ರಲ್ಲಿ ಬಂದ 18ರಿಂದ ಬಹುತೇಕ ಬರುತ್ತದೆ. ಬಾರದಿದ್ದರೆ 'ಅನಲೈಜ್' ಆದೇಶ ಕೊಟ್ಟು ಮತ್ತೆ ಲೆಕ್ಕ ಹಾಕಿಸಬೇಕು. ಮೈಎಸ್‌ಕ್ಯೂಎಲ್ 8.0ರಲ್ಲಿ ಒಮ್ಮೆ ಕೊಟ್ಟ ಉತ್ತರವನ್ನು ನೆನಪಿಟ್ಟು ಮತ್ತೆ ಕೊಡುವ ಹಳೆಯ ಸೌಲಭ್ಯವನ್ನೇ ತೆಗೆದಿದ್ದಾರೆ. ಅದನ್ನೇ ನೆಚ್ಚಿಕೊಂಡಿದ್ದ ಪುಟಗಳು ನಿಧಾನ ಆಗಬಹುದು.

## ಹಿಂದಿರುಗುವ ದಾರಿ ಬೇಗ ಮುಚ್ಚುತ್ತದೆ

'ಸರಿ ಹೋಗದಿದ್ದರೆ ಹಳೆಯದಕ್ಕೆ ವಾಪಸ್ ಹೋಗೋಣ' ಎನ್ನುವ ಧೈರ್ಯದ ಮೇಲೆ ಎಷ್ಟೋ ಜನ ಕೆಲಸ ಶುರು ಮಾಡುತ್ತಾರೆ. 8.0 ಮುಟ್ಟಿದ ಫೈಲುಗಳನ್ನು 5.7 ಮತ್ತೆ ತೆರೆಯಲು ಆಗೋದಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಜಾಗ ಮತ್ತು ಸಮಯ ಉಳಿಸಲು ಹಳೆಯ ಫೈಲುಗಳನ್ನೇ ಹಂಚಿಕೊಳ್ಳುವ 'ಲಿಂಕ್' ವಿಧಾನ ಇದೆ. ಅದರಲ್ಲಿ ಹೊಸದನ್ನು ಒಮ್ಮೆ ಚಾಲೂ ಮಾಡಿದರೆ ಹಳೆಯದನ್ನು ಮತ್ತೆ ಬಳಸೋದು ಸುರಕ್ಷಿತವಲ್ಲ. ಉಳಿಯೋದು ಬ್ಯಾಕಪ್.

ಬ್ಯಾಕಪ್‌ನಲ್ಲೂ ಒಂದು ಮಿತಿ ಇದೆ. ಭಾನುವಾರ ರಾತ್ರಿ ಬ್ಯಾಕಪ್ ತೆಗೆದು ಹೊಸದಕ್ಕೆ ಹೋದಿರಿ. ಬುಧವಾರ ತೊಂದರೆ ಕಂಡಿತು. ಬ್ಯಾಕಪ್‌ಗೆ ಮರಳಿದರೆ ಸೋಮವಾರದಿಂದ ಬರೆದ ಬಿಲ್ಲು, ಜಮಾ, ತೂಕ ಎಲ್ಲ ಹೋಗುತ್ತದೆ. ಹೊಸದರಲ್ಲಿ ಮೊದಲ ದಾಖಲೆ ಬಿದ್ದ ಕ್ಷಣದಿಂದಲೇ ಹಿಂದಿರುಗುವ ಬೆಲೆ ಏರುತ್ತಾ ಹೋಗುತ್ತದೆ. ಅದಕ್ಕೇ ಮೊದಲ ಕೆಲವು ವಾರ ದಿನವೂ ಆ ದಿನದ ಹೊಸ ದಾಖಲೆಗಳನ್ನು ಪ್ರತ್ಯೇಕ ಫೈಲಿಗೆ ತೆಗೆದಿಟ್ಟುಕೊಳ್ಳಬೇಕು. ಬೇಕಾದರೆ ಹಳೆಯದಕ್ಕೆ ಮತ್ತೆ ತುಂಬಬಹುದು.

2018ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ ತನ್ನ ಗ್ರಾಹಕರ ಮಾಹಿತಿಯನ್ನು ಹೊಸ ವ್ಯವಸ್ಥೆಗೆ ಒಂದೇ ವಾರಾಂತ್ಯದಲ್ಲಿ ಸಾಗಿಸಿತು. ಅದು ಆವೃತ್ತಿ ಬದಲಾವಣೆಗಿಂತ ಬಹಳ ದೊಡ್ಡ ಕೆಲಸ. ಮಾಹಿತಿ ಹೋಗಿ ಸೇರಿತು, ಆದರೆ ಹೊಸ ವ್ಯವಸ್ಥೆ ಕುಸಿಯಿತು. ಲಕ್ಷಾಂತರ ಜನ ತಮ್ಮ ಖಾತೆ ನೋಡಲಾರದೆ ಒದ್ದಾಡಿದರು. ಪೂರ್ತಿ ಸರಿಹೋಗಲು ಆ ವರ್ಷದ ಡಿಸೆಂಬರ್ ಆಯಿತು. 2022ರಲ್ಲಿ ಅಲ್ಲಿನ ನಿಯಂತ್ರಕರು 4.865 ಕೋಟಿ ಪೌಂಡ್ ದಂಡ ಹಾಕಿದರು. ಇನ್ನೊಂದು ಕಡೆ, ಪ್ರೋಗ್ರಾಂ ಬರೆಯುವವರು ತಮ್ಮ ಕೋಡ್ ಇಟ್ಟುಕೊಳ್ಳುವ ಗಿಟ್‌ಹಬ್ ಕಂಪನಿ 1,200ಕ್ಕೂ ಹೆಚ್ಚು ಸರ್ವರ್‌ಗಳನ್ನು ಮೈಎಸ್‌ಕ್ಯೂಎಲ್ 5.7ರಿಂದ 8.0ಗೆ ತರಲು ಒಂದು ವರ್ಷಕ್ಕಿಂತ ಜಾಸ್ತಿ ತೆಗೆದುಕೊಂಡಿತು. ಹೊಸದು ಓಡುತ್ತಿರುವಾಗಲೂ ಅದರ ಬೆನ್ನಿಗೆ 5.7ರ ಸರ್ವರ್‌ಗಳನ್ನು ಜೋಡಿಸಿಟ್ಟಿತ್ತು. ತೊಂದರೆ ಬಂದರೆ ಹೊಸ ದಾಖಲೆ ಕಳೆಯದೆ ಹಿಂದೆ ಸರಿಯಬಹುದಿತ್ತು.

## ಮೊದಲು ನಕಲಿನ ಮೇಲೆ, ಆಮೇಲೆ ಅಸಲಿನ ಮೇಲೆ

ಸಣ್ಣ ಸಂಸ್ಥೆಗೆ ಗಿಟ್‌ಹಬ್‌ನಷ್ಟು ಸಿದ್ಧತೆ ಬೇಕಿಲ್ಲ. ಬ್ಯಾಕಪ್ ತೆಗೆದು, ಅದನ್ನು ಬೇರೆ ಕಂಪ್ಯೂಟರ್‌ನಲ್ಲಿ ತುಂಬಿ, ಅಲ್ಲಿ ಪೂರ್ತಿ ಬದಲಾವಣೆ ಮಾಡಿ ನೋಡಬೇಕು. ಬ್ಯಾಕಪ್ ನಿಜಕ್ಕೂ ತೆರೆಯುತ್ತದೆಯೇ ಎಂಬುದೂ ಇದರಲ್ಲೇ ಗೊತ್ತಾಗುತ್ತದೆ, ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದೂ ಗೊತ್ತಾಗುತ್ತದೆ. ಮೈಎಸ್‌ಕ್ಯೂಎಲ್ ಶೆಲ್ ಎಂಬ ಸಾಧನದಲ್ಲಿ ಮುಂಚೆಯೇ ತೊಡಕುಗಳನ್ನು ಪಟ್ಟಿ ಮಾಡುವ ಅಪ್‌ಗ್ರೇಡ್ ಚೆಕರ್ ಇದೆ. ಪೋಸ್ಟ್‌ಗ್ರೆಸ್‌ನ ಪರಿವರ್ತನೆ ಸಾಧನದಲ್ಲೂ ಬರೀ ಪರೀಕ್ಷೆ ಮಾಡುವ ಆಯ್ಕೆ ಇದೆ. ಇವು ಮೀಸಲು ಪದದಂಥ ಸಂಗತಿ ಹಿಡಿಯುತ್ತವೆ. ರಾಗಿಯ ಜಾಗಕ್ಕೆ ಹತ್ತಿ ಹೋಗಿರೋದನ್ನು ಹಿಡಿಯೋದಿಲ್ಲ. ಅದಕ್ಕೆ ಲೆಕ್ಕ ಗೊತ್ತಿರುವವರೇ ಕೂರಬೇಕು: ಹಳೆಯದರಲ್ಲಿ ಮತ್ತು ಹೊಸದರಲ್ಲಿ ಅದೇ ವರದಿ ತೆಗೆದು, ಸಾಲುಗಳ ಎಣಿಕೆ, ಒಟ್ಟು ಬಾಕಿ, ತಾಲ್ಲೂಕುವಾರು ಮೊತ್ತ ತಾಳೆ ನೋಡಬೇಕು. ಒತ್ತಕ್ಷರ ಇರುವ ಹಳೆಯ ಹೆಸರುಗಳನ್ನು ಕಣ್ಣಿಂದಲೇ ಓದಬೇಕು.

ದಿನ ಆರಿಸೋದೂ ಮುಖ್ಯ. ಅಕ್ಟೋಬರ್ ನಂತರ ಮೆಕ್ಕೆಜೋಳ ಎಪಿಎಂಸಿಗೆ ನುಗ್ಗುವ ದಿನಗಳು, ಕಾಲೇಜಿನ ಪ್ರವೇಶದ ತಿಂಗಳು, ಮಾರ್ಚ್ ಕೊನೆ ಇವನ್ನು ಬಿಡಬೇಕು. ತಿಂಗಳಿಗೊಮ್ಮೆ ಜಿಎಸ್‌ಟಿ ಸಲ್ಲಿಸುವವರಿಗೆ 11 ಮತ್ತು 20ನೇ ತಾರೀಖಿನ ಗಡುವುಗಳಿವೆ. 20 ದಾಟಿದ ಮೇಲಿನ ವಾರಾಂತ್ಯ ಅನುಕೂಲ.

ಹಳೆಯ ಸರ್ವರ್ ಅನ್ನು ಯಾವಾಗ ಅಳಿಸಬಹುದು? ಗಿಟ್‌ಹಬ್ ಕನಿಷ್ಠ 24 ಗಂಟೆಯ ಓಡಾಟ ನೋಡಿ 5.7ರ ಸರ್ವರ್‌ಗಳನ್ನು ತೆಗೆಯುತ್ತಿತ್ತು. ಅಲ್ಲಿ ಒಂದು ದಿನದಲ್ಲಿ ಬಹುತೇಕ ಎಲ್ಲ ಬಗೆಯ ಕೆಲಸವೂ ನಡೆದುಹೋಗುತ್ತದೆ. ಮಂಡಿಯಲ್ಲೋ ಸಂಘದಲ್ಲೋ ಹಾಗಲ್ಲ. ಬಡ್ಡಿ ಲೆಕ್ಕ ತಿಂಗಳ ಕೊನೆಗೆ, ತೆರಿಗೆ ವರದಿ ಮುಂದಿನ ತಿಂಗಳು. ಹಾಗಾಗಿ ಹೊಸದರಲ್ಲೇ ಒಂದು ತಿಂಗಳ ಲೆಕ್ಕ ಮುಗಿದು, ಅದರ ಜಿಎಸ್‌ಟಿಆರ್-3ಬಿ ಎಂಬ ತೆರಿಗೆ ಲೆಕ್ಕಪತ್ರದ ಸಲ್ಲಿಕೆ ಆಗುವವರೆಗಾದರೂ ಹಳೆಯದನ್ನು ಮುಟ್ಟದೆ ಇಟ್ಟಿರಬೇಕು. ಆ ಒಂದೆರಡು ತಿಂಗಳ ಎರಡನೇ ಸರ್ವರ್ ಬಾಡಿಗೆಯನ್ನು ಅಂದಾಜು ಪಟ್ಟಿಯಲ್ಲಿ ಮೊದಲೇ ಸೇರಿಸಿಕೊಳ್ಳಿ.